ಜೀರಿಗೆಯ ಹೆಸರಿನ ದ್ವೀಪದ ಸುತ್ತ ಅರ್ಧ ದಿನ

ಭೂಪಟದಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ನೋಡಿದರೆ ಮೂರು ಖಂಡಗಳ ನಡುವೆ ಇಟ್ಟ ನೀಲಿ ಬೋಗುಣಿಯಂತೆ ಕಾಣುತ್ತದೆ. ಉತ್ತರಕ್ಕೆ ಯುರೋಪ್, ದಕ್ಷಿಣಕ್ಕೆ ಆಫ್ರಿಕಾ, ಪೂರ್ವಕ್ಕೆ ಏಷ್ಯಾ. ಹಿಂದಿನ ಅರಬ್ ಭೂಗೋಳಜ್ಞರು ಇದನ್ನು ‘ಬಹ್ರುರ‍್ರೂಮ್’ ಎಂದು ಕರೆದರು. ಇಂದಿನ ಅರಬಿಯಲ್ಲಿ ಇದಕ್ಕೆ ‘ಅಲ್ ಬಹ್ರುಲ್ ಮುತವಸ್ಸಿತ್’, ಅಂದರೆ ನಡುವಿನ ಸಮುದ್ರ ಎಂಬ ಹೆಸರಿದೆ. ಈ ಬೋಗುಣಿಯ ನಟ್ಟನಡುವೆ, ಇಟಲಿಯ ಸಿಸಿಲಿ ದ್ವೀಪದಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ ಮಾಲ್ಟಾ ಎಂಬ ಪುಟ್ಟ ದೇಶವಿದೆ. ಅದರ ಎಲ್ಲ ದ್ವೀಪಗಳನ್ನೂ ಸೇರಿಸಿದರೂ ವಿಸ್ತೀರ್ಣ 316 ಚದರ ಕಿಲೋಮೀಟರ್ ಮಾತ್ರ. ನಮ್ಮ ಒಂದು ಸಣ್ಣ ತಾಲೂಕಿನಷ್ಟೂ ಇಲ್ಲ.

ದೊಡ್ಡ ದ್ವೀಪದ ಹೆಸರು ಮಾಲ್ಟಾ. ಎರಡನೆಯದು ಗೋಜೋ. ಇವೆರಡರ ನಡುವಿನ ಕಡಲ ಕಾಲುವೆಯಲ್ಲಿ ಮೂರೂವರೆ ಚದರ ಕಿಲೋಮೀಟರಿನ ಒಂದು ಬರಡು ಬಂಡೆ ಇದೆ. ಹೊರಗಿನವರು ಅದನ್ನು ಕೊಮಿನೋ ಎನ್ನುತ್ತಾರೆ, ಅಲ್ಲಿಯವರು ‘ಕೆಮ್ಮೂನಾ’ ಎನ್ನುತ್ತಾರೆ. ಅರಬಿ ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಅಡುಗೆಮನೆಯ ಪರಿಮಳ ನೆನಪಾಗುತ್ತದೆ. ‘ಕಮ್ಮೂನ್’ ಎಂದರೆ ಜೀರಿಗೆ. ಒಂದು ಕಾಲದಲ್ಲಿ ಈ ನೆಲದಲ್ಲಿ ಬೆಳೆಯುತ್ತಿದ್ದ ಜೀರಿಗೆಯಿಂದಲೇ ದ್ವೀಪಕ್ಕೆ ಈ ಹೆಸರು ಬಂತೆಂದು ಹೇಳುತ್ತಾರೆ. ಇಂದು ಅಲ್ಲಿನ ಕಾಯಂ ವಾಸಿಗಳನ್ನು ಒಂದು ಕೈಯ ಬೆರಳುಗಳಲ್ಲೇ ಎಣಿಸಬಹುದು. ಆದರೆ ಬೇಸಿಗೆ ಬಂತೆಂದರೆ ದಿನಕ್ಕೆ ಸಾವಿರಾರು ಜನ ದೋಣಿಗಳಲ್ಲಿ ಬಂದಿಳಿಯುತ್ತಾರೆ. ಅದಕ್ಕೆ ಕಾರಣ ಈ ದ್ವೀಪದ ಸುತ್ತಲಿನ ನೀರು.

ಅರ್ಧ ದಿನಕ್ಕೆ ಒಂದು ದೋಣಿಯನ್ನು ಕುಟುಂಬಕ್ಕೆಂದೇ ಬಾಡಿಗೆಗೆ ಪಡೆದು ಈ ದ್ವೀಪದ ಸುತ್ತ ತಿರುಗಿ, ಮುಖಕ್ಕೆ ಕನ್ನಡಕ ಹಾಕಿ, ಬಾಯಿಗೆ ಕೊಳವೆ ಇಟ್ಟು ನೀರಿನ ಕೆಳಗಿನ ಲೋಕವನ್ನು ನೋಡಿ ಬರುವ ಪ್ರವಾಸ ಈಗ ಬಹಳ ಜನಪ್ರಿಯ. ಈ ನೋಡುವಿಕೆಗೆ ಸ್ನಾರ್ಕೆಲಿಂಗ್ ಎಂದು ಹೆಸರು. ಇಂಥ ಪ್ರವಾಸದಲ್ಲಿ ಏನಿದೆ, ನಮ್ಮ ಮನೆಯ ಹೆಂಗಸರಿಗೆ ಅದರಲ್ಲಿ ಪಾಲಿದೆಯೇ ಎಂಬುದನ್ನು ಇಲ್ಲಿ ನೋಡೋಣ.

ಮದ್ರಸಾದ ಅರಬಿ ದಾರಿ ತೋರಿಸುವ ಊರು

ದೋಣಿ ಹತ್ತುವ ಮೊದಲೇ ಒಂದು ಆಶ್ಚರ್ಯ ಕಾದಿರುತ್ತದೆ. ಮಾಲ್ಟಾದ ಜನರು ಹೆಚ್ಚಾಗಿ ಕ್ಯಾಥೊಲಿಕ್ ಕ್ರೈಸ್ತರು. ಲಿಪಿ ಲ್ಯಾಟಿನ್. ಆದರೆ ಅವರಾಡುವ ಮಾಲ್ಟೀಸ್ ಭಾಷೆ ಅರಬಿಯಿಂದ ಹುಟ್ಟಿದ್ದು. ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಅರಬಿ, ಹೀಬ್ರೂ ಭಾಷೆಗಳ ಬಳಗಕ್ಕೆ ಸೇರಿದ್ದು ಇದೊಂದೇ. ಕ್ರಿ.ಶ. 870ರಲ್ಲಿ ಉತ್ತರ ಆಫ್ರಿಕಾದ ಅಗ್ಲಬೀ ಆಡಳಿತದವರು ಈ ದ್ವೀಪಗಳನ್ನು ಗೆದ್ದುಕೊಂಡರು. 1091ರಲ್ಲಿ ನಾರ್ಮನ್ನರು ಬಂದರು. ಅಧಿಕಾರ ಹೋಯಿತು, ಆದರೆ ಜನರ ನಾಲಿಗೆಯ ಮೇಲೆ ಭಾಷೆ ಉಳಿಯಿತು. ಆಮೇಲೆ ಅದಕ್ಕೆ ಸಿಸಿಲಿಯ, ಇಟಲಿಯ ಪದಗಳು ಧಾರಾಳವಾಗಿ ಸೇರಿಕೊಂಡವು.

ಮಸೀದಿಯ ಪಕ್ಕದ ಮದ್ರಸಾದಲ್ಲಿ ನಾಲ್ಕು ವರ್ಷ ಕಲಿತ ನಮ್ಮ ಹುಡುಗಿಯರಿಗೂ ಅಲ್ಲಿನ ಫಲಕಗಳು ಅಪರಿಚಿತವೆನಿಸವು. ಹಳೆಯ ರಾಜಧಾನಿಯ ಹೆಸರು ಮ್ದೀನಾ, ಅಂದರೆ ಮದೀನಾ, ನಗರ. ಅದಕ್ಕೆ ಅಂಟಿಕೊಂಡ ಊರು ರಬಾತ್. ಬಂದರು ಎಂಬುದಕ್ಕೆ ಮರ್ಸಾ. ಚಿಲುಮೆಗೆ ಐನ್. ಮರಳು ತೀರಕ್ಕೆ ರಮ್ಲಾ. ಸಮುದ್ರಕ್ಕೆ ಬಹರ್, ಸೂರ್ಯನಿಗೆ ಶೆಮ್ಶ್, ನೀರಿಗೆ ಇಲ್ಮಾ, ರೊಟ್ಟಿಗೆ ಹೊಬ್ಸ್. ಮೀನಿಗೆ ‘ಹೂತ್’. ಪ್ರವಾದಿ ಯೂನುಸ್(ಅ)ರ ವೃತ್ತಾಂತ ಓದಿದವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಶುಕ್ರವಾರ ಅಲ್ಲಿ ‘ಇಲ್ ಜಿಮ್ಆ’. ಕ್ರೈಸ್ತರು ಈಸ್ಟರ್‌ಗಿಂತ ಮುಂಚೆ ಆಚರಿಸುವ ನಲವತ್ತು ದಿನಗಳ ಉಪವಾಸ ಕಾಲಕ್ಕೆ ಅವರ ಭಾಷೆಯಲ್ಲಿ ‘ರಂದಾನ್’ ಎಂಬ ಹೆಸರು! ಚರ್ಚಿನಲ್ಲಿ ಮೊಣಕಾಲೂರಿ ದೇವರನ್ನು ಕರೆಯುವಾಗಲೂ ಅವರ ಬಾಯಿಂದ ಬರುವ ಪದ ‘ಅಲ್ಲಾ’.

ಭಾಷೆ ಒಂದು ಧರ್ಮದ ಆಸ್ತಿಯಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ದೋಣಿ ಹೊರಡುವ ಹೊತ್ತು

ಮಾಲ್ಟಾ ದ್ವೀಪದ ಉತ್ತರ ತುದಿಯ ಚಿರ್ಕೆವ್ವಾ, ಮರ್ಫಾ, ಮೆಲ್ಲೀಹಾ ಮುಂತಾದ ಕಡೆಗಳಿಂದ ಕೊಮಿನೋಗೆ ದೋಣಿಗಳು ಹೊರಡುತ್ತವೆ. ಇವುಗಳಲ್ಲಿ ಎರಡು ಬಗೆ. ಒಂದು, ಹತ್ತಾರು ಅಥವಾ ನೂರಾರು ಜನರನ್ನು ತುಂಬಿಕೊಂಡು ಹೋಗುವ ದೊಡ್ಡ ದೋಣಿ. ಅದರಲ್ಲಿ ಸಂಗೀತದ ಅಬ್ಬರ, ಮದ್ಯ ಮಾರುವ ಕಟ್ಟೆ, ಈಜುಡುಗೆಯ ಜನಜಂಗುಳಿ ಎಲ್ಲವೂ ಇರಬಹುದು. ಇನ್ನೊಂದು, ಐದಾರರಿಂದ ಹತ್ತು ಜನ ಕೂರಬಹುದಾದ ಸಣ್ಣ ಮೋಟಾರು ದೋಣಿ. ಅದನ್ನು ಚಾಲಕನ ಸಹಿತ ನಾಲ್ಕು ಗಂಟೆಗೆಂದು ಗೊತ್ತು ಮಾಡಿಕೊಳ್ಳಬಹುದು. ಬಾಡಿಗೆ ನೂರಾರು ಯೂರೋ ಆಗುತ್ತದೆ. ಒಂದು ಕುಟುಂಬಕ್ಕೆ ಅದು ಭಾರವೇ. ಎರಡು ಮೂರು ಕುಟುಂಬಗಳು ಸೇರಿ ಹಂಚಿಕೊಂಡರೆ ಹೊರೆ ಇಳಿಯುತ್ತದೆ. ಇದಕ್ಕೆಂದು ಸಾಲ ಮಾಡುವುದಂತೂ ಸಲ್ಲದು.

ಸಣ್ಣ ದೋಣಿಯ ನಿಜವಾದ ಲಾಭ ಇರುವುದು ಸುಖಾಸನದಲ್ಲಲ್ಲ, ಸ್ವಾತಂತ್ರ್ಯದಲ್ಲಿ. ಮಾಲ್ಟಾದವರು ಪ್ರತಿ ದಿಕ್ಕಿನ ಗಾಳಿಗೂ ಒಂದೊಂದು ಹೆಸರಿಟ್ಟಿದ್ದಾರೆ. ವಾಯವ್ಯದಿಂದ ಬೀಸುವುದು ಮಜ್ಜಿಸ್ತ್ರಾಲ್, ಈಶಾನ್ಯದ್ದು ಗ್ರಿಗಾಲ್, ಆಗ್ನೇಯದಿಂದ ಬರುವ ಬಿಸಿಗಾಳಿ ಶ್ಲೋಕ್. ಅನುಭವಿ ಚಾಲಕನು ಬೆಳಿಗ್ಗೆ ಎದ್ದು ಗಾಳಿಯನ್ನು ನೋಡುತ್ತಾನೆ. ಗಾಳಿ ಬಡಿಯುವ ಬದಿಯನ್ನು ಬಿಟ್ಟು, ದ್ವೀಪದ ಮರೆಯಲ್ಲಿ ನೀರು ಶಾಂತವಾಗಿರುವ ಬದಿಗೆ ದೋಣಿ ತಿರುಗಿಸುತ್ತಾನೆ. ವೇಳಾಪಟ್ಟಿಗೆ ಕಟ್ಟುಬಿದ್ದ ದೊಡ್ಡ ದೋಣಿಗೆ ಈ ಅನುಕೂಲವಿಲ್ಲ. ‘ಇಂದು ಕಡಲು ಸರಿಯಿಲ್ಲ, ಹೋಗುವುದು ಬೇಡ’ ಎಂದು ಚಾಲಕ ಹೇಳಿದರೆ ವಾದಿಸದೆ ಒಪ್ಪಿಕೊಳ್ಳಬೇಕು. ಅವನು ನಮ್ಮ ಹಣಕ್ಕಿಂತ ಜೀವದ ಬಗ್ಗೆ ಯೋಚಿಸುತ್ತಿದ್ದಾನೆ ಎಂದರ್ಥ.

ಮೇ, ಜೂನ್ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಇದಕ್ಕೆ ಹೇಳಿಸಿದವು. ಜುಲೈ, ಆಗಸ್ಟ್‌ನಲ್ಲಿ ನೀರು 26 ಡಿಗ್ರಿಯಷ್ಟು ಬೆಚ್ಚಗಿದ್ದರೂ ಜನಸಂದಣಿ ವಿಪರೀತ. ಫೆಬ್ರವರಿಯಲ್ಲಿ ನೀರು 15, 16 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕಡಲಿನ ಬಿಸಿನೀರಿಗೆ ಒಗ್ಗಿದವರು ಅದಕ್ಕೆ ಕಾಲಿಡುವುದೂ ಕಷ್ಟ.

ಗುಹೆ, ಗೋಪುರ ಮತ್ತು ನೀಲಿ ನೀರು

ದೋಣಿ ದ್ವೀಪವನ್ನು ಸುತ್ತುವಾಗ ಮೊದಲು ಕಣ್ಣಿಗೆ ಬೀಳುವುದು ಸುಣ್ಣಕಲ್ಲಿನ ಕಡಿದಾದ ಗೋಡೆಗಳು. ಅಲೆಗಳು ಸಾವಿರಾರು ವರ್ಷ ಬಡಿದು ಈ ಗೋಡೆಗಳಲ್ಲಿ ಗುಹೆಗಳನ್ನು ಕೊರೆದಿವೆ. ಈಶಾನ್ಯದ ಸಾಂತಾ ಮರಿಯಾ ಕೊಲ್ಲಿಯ ಹತ್ತಿರದ ಗುಹೆಗಳು ಸ್ನಾರ್ಕೆಲಿಂಗ್‌ಗೆ ಹೆಸರುವಾಸಿ. ಬಿಸಿಲು ತಳದ ಬಿಳಿ ಮರಳಿಗೆ ತಾಗಿ ಹಿಂದಿರುಗುವಾಗ ಗುಹೆಯ ಮಾಡಿನ ಮೇಲೆ ನೀಲಿ ಬೆಳಕು ಕುಣಿಯುತ್ತದೆ.

ನೈಋತ್ಯದ ಎತ್ತರದಲ್ಲಿ ಒಂದು ಚೌಕಾಕಾರದ ಗೋಪುರ ನಿಂತಿದೆ. 1618ರಲ್ಲಿ ಮಾಲ್ಟಾವನ್ನು ಆಳುತ್ತಿದ್ದ ಕ್ರೈಸ್ತ ನೈಟ್‌ಗಳ ಮುಖ್ಯಸ್ಥ ವಿನ್ಯಾಕೂರ್ ಕಟ್ಟಿಸಿದ್ದು. ಕಡಲ್ಗಳ್ಳರ ಹಡಗು ಕಂಡರೆ ಇಲ್ಲಿಂದ ಮಾಲ್ಟಾಕ್ಕೂ ಗೋಜೋಗೂ ಸುದ್ದಿ ಮುಟ್ಟಿಸುತ್ತಿದ್ದರು. ಆ ಕಡಲ್ಗಳ್ಳರ ಕತೆಗೆ ಮುಂದೆ ಬರೋಣ.

ಗೋಪುರ ದಾಟಿದರೆ ಕ್ರಿಸ್ಟಲ್ ಲಗೂನ್. ಮೂರು ಕಡೆ ಬಂಡೆಗೋಡೆ ಸುತ್ತುವರಿದ ಕೊಳದಂಥ ಜಾಗ. ಅದರಾಚೆ ಕೊಮಿನೋ ಮತ್ತು ಕೊಮಿನೊತ್ತೋ ಎಂಬ ಮರಿದ್ವೀಪದ ನಡುವೆ ಜಗತ್ಪ್ರಸಿದ್ಧ ಬ್ಲೂ ಲಗೂನ್. ಇಲ್ಲಿನ ನೀರು ಗಾಜಿನ ಬಳೆಯ ತಿಳಿನೀಲಿ. ಬಣ್ಣ ಹಾಕಿದ್ದಾರೇನೋ ಎಂದು ಅನುಮಾನ ಬರುವಷ್ಟು.

ಈ ಬಣ್ಣ ಎಲ್ಲಿಂದ ಬಂತು? ನೀರು ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಬೇಗ ಹೀರಿಕೊಳ್ಳುತ್ತದೆ, ನೀಲಿಯನ್ನು ಉಳಿಸುತ್ತದೆ. ಆಳವಿಲ್ಲದ ಕಡೆ ತಳದಲ್ಲಿ ಬಿಳಿ ಮರಳಿದ್ದರೆ ಆ ನೀಲಿ ಬೆಳಕು ಪ್ರತಿಫಲಿಸಿ ಮೇಲೆ ಬರುತ್ತದೆ. ಮಾಲ್ಟಾದಲ್ಲಿ ನದಿಗಳಿಲ್ಲ. ಹಾಗಾಗಿ ಮಣ್ಣು, ಕೆಸರು ಸಮುದ್ರ ಸೇರುವುದು ಕಡಿಮೆ. ಜೊತೆಗೆ ಈ ಸಮುದ್ರದಲ್ಲಿ ಪೋಷಕಾಂಶ ಕಡಿಮೆಯಾದ್ದರಿಂದ ನೀರನ್ನು ಹಸಿರಾಗಿಸುವ ಸೂಕ್ಷ್ಮ ಸಸ್ಯಗಳೂ ಕಡಿಮೆ. ಅಂದರೆ ಈ ನೀರು ಸುಂದರವಾಗಿರುವುದಕ್ಕೆ ಅದರ ಬಡತನವೇ ಕಾರಣ! ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿಯ ಕೆಂಪು ನೀರನ್ನು ಕುಡಿಯುವ ನಮ್ಮ ಅರಬಿ ಸಮುದ್ರ ಕಲಕಿ ಕಂಡರೂ ಮೀನಿನ ವಿಷಯದಲ್ಲಿ ಶ್ರೀಮಂತ. ಅಲ್ಲಾಹನು ಒಂದೊಂದು ಕಡಲಿಗೆ ಒಂದೊಂದು ಸಂಪತ್ತನ್ನು ಕೊಟ್ಟಿದ್ದಾನೆ.

ಜನ ಹೆಚ್ಚಾಗಿ ಬ್ಲೂ ಲಗೂನ್ ನಲುಗಿತು. ಕಸ, ದೋಣಿಗಳ ಗದ್ದಲ, ತುಳಿತಕ್ಕೊಳಗಾದ ಗಿಡಗಳ ಬಗ್ಗೆ ಸ್ಥಳೀಯರೇ ಪ್ರತಿಭಟನೆ ನಡೆಸಿದರು. ಕೊನೆಗೆ 2025ರ ಮೇ ತಿಂಗಳಿನಿಂದ ಸರಕಾರವು ಅಲ್ಲಿಗೆ ಬರುವವರು ಮೊದಲೇ ಹೆಸರು ನೋಂದಾಯಿಸಿ ಸಮಯ ಕಾದಿರಿಸಬೇಕೆಂಬ ವ್ಯವಸ್ಥೆ ತಂದಿತು. ಹೋಗುವವರು ನಿಯಮ ಏನಿದೆಯೆಂದು ದೋಣಿಯವರಲ್ಲಿ ಮೊದಲೇ ವಿಚಾರಿಸುವುದು ಲೇಸು.

ನೀರಿನ ಕೆಳಗೆ ಒಂದು ಹುಲ್ಲುಗಾವಲು

ಮುಖವನ್ನು ನೀರಿಗೆ ಇಟ್ಟ ಕ್ಷಣವೇ ಹೊರಗಿನ ಸದ್ದೆಲ್ಲ ನಿಂತುಹೋಗುತ್ತದೆ. ಕೊಳವೆಯ ಮೂಲಕ ಹೋಗಿಬರುವ ಸ್ವಂತ ಉಸಿರಿನ ಸದ್ದೊಂದೇ ಕೇಳುತ್ತದೆ. ಬಂಡೆಗಳ ಬಳಿ ಬಾಲದ ಹತ್ತಿರ ಕಪ್ಪು ಪಟ್ಟಿಯಿರುವ ಬೆಳ್ಳಿ ಬಣ್ಣದ ಮೀನುಗಳು ಗುಂಪಾಗಿ ನಿಂತಿರುತ್ತವೆ. ಹಸಿರು, ನೀಲಿ, ಕೆಂಪು ಗೆರೆಗಳ ರ‍್ಯಾಸ್ ಮೀನು ಮದುವಣಗಿತ್ತಿಯಂತೆ ಅಲಂಕರಿಸಿಕೊಂಡು ಓಡಾಡುತ್ತದೆ. ಡ್ಯಾಮ್‌ಸೆಲ್ ಎಂಬ ಸಣ್ಣ ಮೀನಿನ ಮರಿಗಳು ದೀಪ ಹಚ್ಚಿದಂತೆ ನೀಲಿಯಾಗಿ ಹೊಳೆಯುತ್ತವೆ, ದೊಡ್ಡವಾದಾಗ ಕಂದು ಬಣ್ಣಕ್ಕೆ ತಿರುಗುತ್ತವೆ. ಅದೃಷ್ಟವಿದ್ದರೆ ಬಂಡೆಯ ಬಣ್ಣಕ್ಕೇ ತನ್ನ ಮೈ ಬಣ್ಣ ಬದಲಿಸಿಕೊಂಡು ಕುಳಿತ ಆಕ್ಟೋಪಸ್ ಕೂಡ ಕಾಣಬಹುದು.

ಆದರೆ ಈ ಸಮುದ್ರದ ನಿಜವಾದ ಯಜಮಾನಿ ಮೀನಲ್ಲ, ಒಂದು ಹುಲ್ಲು. ಪೊಸಿಡೋನಿಯಾ ಎಂಬುದು ಅದರ ಹೆಸರು. ಇದು ಪಾಚಿಯಲ್ಲ. ಬೇರು, ಕಾಂಡ, ಎಲೆ, ಹೂವು, ಹಣ್ಣು ಎಲ್ಲ ಇರುವ ಸಸ್ಯ. ಜಗತ್ತಿನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಮಾತ್ರ ಬೆಳೆಯುತ್ತದೆ. ರಿಬ್ಬನ್ನಿನಂಥ ಇದರ ಎಲೆಗಳ ನಡುವೆ ಮೀನುಮರಿಗಳು ಬೆಳೆಯುತ್ತವೆ. ಬೇರುಗಳು ತಳದ ಮರಳನ್ನು ಹಿಡಿದಿಡುತ್ತವೆ. ನೀರಿಗೆ ಆಮ್ಲಜನಕ ಕೊಡುತ್ತದೆ, ಇಂಗಾಲವನ್ನು ತಳದಲ್ಲಿ ಹೂತಿಡುತ್ತದೆ. ಚಳಿಗಾಲದಲ್ಲಿ ಉದುರಿದ ಎಲೆಗಳು ದಡದಲ್ಲಿ ರಾಶಿ ಬಿದ್ದು ಅಲೆಯ ಹೊಡೆತದಿಂದ ತೀರವನ್ನು ಕಾಯುತ್ತವೆ. ಪ್ರವಾಸಿಗರ ಕಣ್ಣಿಗೆ ಅದು ಕಸ.

ಈ ಹುಲ್ಲು ಹರಡುವುದು ತೀರಾ ನಿಧಾನ, ವರ್ಷಕ್ಕೆ ಕೆಲವೇ ಸೆಂಟಿಮೀಟರ್. ದೋಣಿಯ ಲಂಗರು ಒಮ್ಮೆ ಬಿದ್ದು ಎಳೆದರೆ ಅದು ಕಿತ್ತುಹಾಕಿದ ತುಂಡು ಮತ್ತೆ ಬೆಳೆಯಲು ದಶಕಗಳೇ ಬೇಕು. ಆದ್ದರಿಂದ ದೋಣಿ ಗೊತ್ತು ಮಾಡುವಾಗ ‘ಲಂಗರನ್ನು ಮರಳಿನ ಮೇಲೆ ಹಾಕುತ್ತೀರಾ, ಹುಲ್ಲಿನ ಮೇಲೆ ಹಾಕುತ್ತೀರಾ?’ ಎಂದು ಕೇಳಿ. ನೀರಿನ ಮೇಲಿನಿಂದ ನೋಡಿದರೆ ಮರಳು ತಿಳಿನೀಲಿ, ಹುಲ್ಲು ಕಡುನೀಲಿ. ಗುರುತಿಸುವುದು ಕಷ್ಟವಲ್ಲ. ಭೂಮಿಯಲ್ಲಿ ಕೆಡುಕು ಮಾಡಬೇಡಿರೆಂಬ ಆದೇಶ ಕಡಲಿನ ತಳಕ್ಕೂ ಅನ್ವಯಿಸುತ್ತದೆ.

ಚೀಲ ಕಾಯುವವರು ಯಾರು?

ಸಹೋದರಿಯರೇ, ಇನ್ನು ನಮ್ಮ ವಿಷಯಕ್ಕೆ ಬರೋಣ. ಕಡಲ ತೀರಕ್ಕೆ ಹೋದ ನಮ್ಮ ಕುಟುಂಬಗಳ ಚಿತ್ರ ಸಾಮಾನ್ಯವಾಗಿ ಹೇಗಿರುತ್ತದೆ? ಗಂಡಸರೂ ಮಕ್ಕಳೂ ನೀರಿಗಿಳಿಯುತ್ತಾರೆ. ಮನೆಯೊಡತಿ ದಡದಲ್ಲಿ ಚಪ್ಪಲಿ, ಕೈಗಡಿಯಾರ, ಮೊಬೈಲು, ಟವೆಲ್ಲುಗಳ ರಾಶಿಯನ್ನು ಕಾಯುತ್ತಾ ಕೂರುತ್ತಾಳೆ. ನೆನೆದು ಬಂದ ಮಗುವನ್ನು ಒರೆಸುತ್ತಾಳೆ, ತಿಂಡಿಯ ಪೊಟ್ಟಣ ಬಿಡಿಸಿ ಕೊಡುತ್ತಾಳೆ. ‘ನೀನೂ ಬಾ’ ಎಂದು ಕರೆಯುವವರಿಲ್ಲ. ಕರೆದರೂ ಹೋಗುವ ದಾರಿ ಅವಳಿಗೆ ಗೊತ್ತಿಲ್ಲ. ಮರ್ಯಾದೆ ಮತ್ತು ಸಮುದ್ರ ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಅವಳು ಮರ್ಯಾದೆಯನ್ನೇ ಆರಿಸಿಕೊಳ್ಳುತ್ತಾಳೆ. ಆದರೆ ಈ ಎರಡನ್ನು ಎದುರುಬದುರು ನಿಲ್ಲಿಸಿದವರು ಯಾರು?

ಇದೇ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗೇರಿ ಹೋದ ಮುಸ್ಲಿಮ್ ಮಹಿಳೆಯರಲ್ಲಿ ಮೊದಲು ನೆನಪಾಗುವವರು ಉಮ್ಮು ಹರಾಮ್ ಬಿಂತ್ ಮಿಲ್ಹಾನ್(ರ). ಸಮುದ್ರದ ಮೇಲೆ ಪ್ರಯಾಣಿಸುವ ತನ್ನ ಅನುಯಾಯಿಗಳ ಬಗ್ಗೆ ಪ್ರವಾದಿ(ಸ) ಹೇಳಿದಾಗ ತನಗೂ ಆ ಭಾಗ್ಯ ಸಿಗಲೆಂದು ಪ್ರಾರ್ಥಿಸುವಂತೆ ಅವರು ಕೇಳಿಕೊಂಡರು. ಹಿಜರಿ 28ರ ಸುಮಾರಿಗೆ, ಅಂದರೆ ಕ್ರಿ.ಶ. 649ರ ಹೊತ್ತಿಗೆ, ಪತಿ ಉಬಾದ ಬಿನ್ ಸಾಮಿತ್(ರ)ರ ಜೊತೆ ಸೈಪ್ರಸ್ ದ್ವೀಪಕ್ಕೆ ಹೊರಟ ನೌಕಾಪಡೆಯಲ್ಲಿ ಅವರಿದ್ದರು. ಅಲ್ಲಿ ವಾಹನದಿಂದ ಬಿದ್ದು ಮರಣ ಹೊಂದಿದರು. ಲಾರ್ನಕಾ ಪಟ್ಟಣದ ಹತ್ತಿರ ಅವರ ಸಮಾಧಿ ಇದೆ. ಸಮುದ್ರವೆಂಬುದು ಗಂಡಸರ ಲೋಕ, ಹೆಂಗಸಿಗೆ ಅಲ್ಲೇನು ಕೆಲಸ ಎನ್ನುವವರು ಈ ಮಹಿಳೆಯ ಚರಿತ್ರೆಯನ್ನು ಓದಬೇಕು. ಪ್ರವಾದಿ(ಸ) ಪತ್ನಿ ಆಯಿಶಾ(ರ)ರ ಜೊತೆ ಓಟದ ಪಂದ್ಯ ನಡೆಸಿದ್ದೂ ನಮಗೆ ಗೊತ್ತಿರುವ ವಿಷಯವೇ. ಮನೆಯವಳ ಸಂತೋಷಕ್ಕೆ ಸಮಯ ಕೊಡುವುದು ದೊಡ್ಡವರ ಲಕ್ಷಣ.

ಖಾಸಗಿ ದೋಣಿ ಇಲ್ಲಿ ನೆರವಿಗೆ ಬರುತ್ತದೆ. ಜೊತೆಗಿರುವವರು ಮನೆಯವರೇ. ಚಾಲಕ ಹೆಚ್ಚಾಗಿ ಪರಪುರುಷನೇ ಆಗಿರುತ್ತಾನೆ. ಆದರೆ ಒಬ್ಬನ ಎದುರು ಸರಿಯಾದ ಉಡುಪಿನಲ್ಲಿರುವುದು ನೂರು ಜನರ ನಡುವೆ ಇರುವಷ್ಟು ಕಷ್ಟವಲ್ಲ. ಒಂದು ಮಾತು ನೆನಪಿರಲಿ: ದೋಣಿ ಖಾಸಗಿಯಾದ ಮಾತ್ರಕ್ಕೆ ಸಮುದ್ರ ಖಾಸಗಿಯಾಗುವುದಿಲ್ಲ. ಬ್ಲೂ ಲಗೂನ್‌ನಲ್ಲಿ ಮಧ್ಯಾಹ್ನ ಕಾಣುವ ನೋಟಗಳು ಕುಟುಂಬಕ್ಕೆ ಹಿಡಿಸಲಾರವು. ಆದ್ದರಿಂದ ಬೆಳಿಗ್ಗೆ ಬೇಗ ಹೊರಟು, ಜನ ಸೇರುವ ಮೊದಲು ಅದನ್ನು ನೋಡಿ ಮುಗಿಸಿ, ಉಳಿದ ಹೊತ್ತನ್ನು ಗುಹೆಗಳ ಬಳಿ, ಜನವಿರಳ ಕೊಲ್ಲಿಗಳಲ್ಲಿ ಕಳೆಯಬಹುದು. ಇದನ್ನು ಚಾಲಕನಿಗೆ ಮೊದಲೇ ತಿಳಿಸಿದರೆ ಅವನು ದಾರಿಯನ್ನು ಹಾಗೆಯೇ ಹೊಂದಿಸುತ್ತಾನೆ.

ಉಡುಪಿನ ವಿಷಯದಲ್ಲಿ ಮರ್ಯಾದೆಯಷ್ಟೇ ಜೀವರಕ್ಷಣೆಯ ಪ್ರಶ್ನೆಯೂ ಇದೆ. ಹತ್ತಿಯ ಚೂಡಿದಾರ, ಬುರ್ಖಾ, ದೊಡ್ಡ ದುಪಟ್ಟಾಗಳೊಂದಿಗೆ ನೀರಿಗಿಳಿಯಲೇಬಾರದು. ಅವು ನೀರು ಹೀರಿ ಭಾರವಾಗುತ್ತವೆ, ಕಾಲಿಗೆ ಸುತ್ತಿಕೊಳ್ಳುತ್ತವೆ. ಈಜು ಬಲ್ಲವರೂ ಅದರಿಂದ ಕಂಗಾಲಾಗುತ್ತಾರೆ. ಪಾಲಿಯೆಸ್ಟರ್ ಅಥವಾ ನೈಲಾನಿನಿಂದ ಮಾಡಿದ, ತಲೆಯಿಂದ ಪಾದದವರೆಗೆ ಮುಚ್ಚುವ ಈಜುಡುಪು ಈಗ ಸಿಗುತ್ತದೆ. ಆಸ್ಟ್ರೇಲಿಯಾದ ಅಹೀದಾ ಝನೆಟ್ಟಿ ಎಂಬ ಮುಸ್ಲಿಮ್ ಮಹಿಳೆ ರೂಪಿಸಿದ ‘ಬುರ್ಕಿನಿ’ಯಿಂದ ಇದು ಪ್ರಸಿದ್ಧಿಗೆ ಬಂತು. 2016ರಲ್ಲಿ ಫ್ರಾನ್ಸಿನ ಕೆಲವು ಕಡಲತೀರದ ಊರುಗಳು ಇದನ್ನು ನಿಷೇಧಿಸಿದಾಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವು ಅದೇ ವರ್ಷದ ಆಗಸ್ಟ್‌ನಲ್ಲಿ ಅಂಥ ಒಂದು ನಿಷೇಧವನ್ನು ತಡೆಹಿಡಿಯಿತು. ಅಂದಹಾಗೆ, ಗಂಟೆಗಟ್ಟಲೆ ನೀರಿನ ಮೇಲೆ ಬೋರಲು ತೇಲುವವರ ಬೆನ್ನು ಬಿಸಿಲಿಗೆ ಸುಟ್ಟು ಚರ್ಮ ಸುಲಿಯುವುದು ಸಾಮಾನ್ಯ. ಮೈ ಮುಚ್ಚಿಕೊಂಡವರಿಗೆ ಆ ಕಾಟವಿಲ್ಲ.

ಇನ್ನೊಂದು ಸಣ್ಣ ಗುಟ್ಟು. ಕನ್ನಡಕದ ಅಂಚಿನ ರಬ್ಬರು ನೇರವಾಗಿ ಚರ್ಮಕ್ಕೆ ಅಂಟಬೇಕು. ತಲೆವಸ್ತ್ರದ ಅಂಚೋ ಕೂದಲೋ ನಡುವೆ ಸಿಕ್ಕಿಕೊಂಡರೆ ನೀರು ಒಳನುಗ್ಗುತ್ತದೆ. ಮೊದಲು ಕನ್ನಡಕವನ್ನು ಮುಖಕ್ಕೆ ಒತ್ತಿ, ಪಟ್ಟಿಯನ್ನು ತಲೆವಸ್ತ್ರದ ಮೇಲಿನಿಂದ ಹಾಕಿಕೊಳ್ಳಿ. ಪಟ್ಟಿ ಹಾಕದೆ ಮೂಗಿನಿಂದ ಸ್ವಲ್ಪ ಉಸಿರೆಳೆದಾಗ ಕನ್ನಡಕ ಮುಖಕ್ಕೆ ಕಚ್ಚಿಕೊಂಡು ನಿಂತರೆ ಅದು ನಿಮ್ಮ ಅಳತೆಯದ್ದು.

ನೀರಿಗಿಳಿಯುವ ಮುನ್ನ

ಈಜು ಬಾರದವರು ಸ್ನಾರ್ಕೆಲಿಂಗ್ ಮಾಡಬಹುದೇ? ತೇಲುವ ಜಾಕೆಟ್ ತೊಟ್ಟು, ಬಲ್ಲವರು ಪಕ್ಕದಲ್ಲಿದ್ದು, ಅಲೆಯಿಲ್ಲದ ಕಡೆ ದೋಣಿಯ ಏಣಿಯನ್ನು ಹಿಡಿದುಕೊಂಡೇ ಮುಖವನ್ನು ನೀರಿಗಿಟ್ಟು ನೋಡಬಹುದು. ಅಷ್ಟಕ್ಕೇ ಮೀನುಗಳು ಕಾಣುತ್ತವೆ. ಈ ಸಮುದ್ರದಲ್ಲಿ ಉಪ್ಪಿನಂಶ ಮಹಾಸಾಗರಕ್ಕಿಂತ ಹೆಚ್ಚು. ಲೀಟರಿಗೆ ಸುಮಾರು 38 ಗ್ರಾಂ. ಹಾಗಾಗಿ ಮೈ ತುಸು ಸುಲಭವಾಗಿ ತೇಲುತ್ತದೆ. ಆದರೆ ಕೆಲವು ಎಚ್ಚರಿಕೆಗಳನ್ನು ಮರೆಯಬಾರದು.

ಒಬ್ಬರೇ ಹೋಗಬೇಡಿ. ಇಬ್ಬಿಬ್ಬರು ಜೋಡಿಯಾಗಿ, ಒಬ್ಬರು ಇನ್ನೊಬ್ಬರ ಕಣ್ಣಳತೆಯಲ್ಲಿರಬೇಕು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗಲು ಉಸಿರೇ ಇರುವುದಿಲ್ಲ. ಹೆಚ್ಚಾಗಿ ಅದು ಸದ್ದಿಲ್ಲದೆ ನಡೆದುಹೋಗುತ್ತದೆ. ಆದ್ದರಿಂದ ದೋಣಿಯಲ್ಲಿ ಒಬ್ಬರು ಮೊಬೈಲ್ ಬದಿಗಿಟ್ಟು ನೀರಿನಲ್ಲಿರುವವರನ್ನು ಎಣಿಸುತ್ತಲೇ ಇರಬೇಕು. ಈ ಕೆಲಸ ಪಾಳಿಯ ಮೇಲೆ ನಡೆಯಲಿ, ಪ್ರತಿ ಸಲವೂ ಅಮ್ಮನ ಪಾಲಿಗೇ ಬರದಿರಲಿ.

ಮಕ್ಕಳಿಗೆ ಅಳತೆಗೆ ಸರಿಯಾದ ಜೀವರಕ್ಷಕ ಜಾಕೆಟ್ ಬೇಕು. ತೋಳಿಗೆ ಹಾಕುವ ಗಾಳಿಚೀಲ ಆಟದ ಸಾಮಾನು, ರಕ್ಷಣೆಯಲ್ಲ. ಹೃದ್ರೋಗ, ಆಸ್ತಮಾ, ಅಪಸ್ಮಾರ ಇರುವವರು, ಗರ್ಭಿಣಿಯರು ಮೊದಲೇ ವೈದ್ಯರನ್ನು ಕೇಳಬೇಕು. ದ್ವೀಪಗಳ ನಡುವಿನ ಕಾಲುವೆಯಲ್ಲಿ ಸೆಳೆತವಿರುತ್ತದೆ, ದೋಣಿಗಳ ಓಡಾಟವೂ ಇರುತ್ತದೆ. ತಲೆ ತಗ್ಗಿಸಿ ತೇಲುವವರಿಗೆ ಬರುವ ದೋಣಿ ಕಾಣುವುದಿಲ್ಲ. ಚಾಲಕ ತೋರಿಸಿದ ಗಡಿ ದಾಟಬಾರದು.

ಬಂಡೆಗಳ ಮೇಲೆ ಕಪ್ಪು ಮುಳ್ಳಿನ ಚೆಂಡಿನಂಥ ಸೀ ಅರ್ಚಿನ್‌ಗಳಿರುತ್ತವೆ. ಬರಿಗಾಲಿಡಬೇಡಿ. ಕೆಲವು ದಿನ ನೇರಳೆ ಬಣ್ಣದ ಜೆಲ್ಲಿ ಮೀನುಗಳು ಗುಂಪಾಗಿ ಬರುತ್ತವೆ. ಅದು ಕುಟುಕಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮಾಝ್ ಮತ್ತು ಬುತ್ತಿ

ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ಮರಳುವ ಪ್ರವಾಸ ನಮಗೆ ಹೇಳಿಮಾಡಿಸಿದಂತಿದೆ. ಬೇಸಿಗೆಯಲ್ಲಿ ಮಾಲ್ಟಾದ ಗಡಿಯಾರದಂತೆ ಲುಹರ್‌ನ ಸಮಯ ಒಂದು ಗಂಟೆಯ ನಂತರವೇ ಆರಂಭವಾಗುತ್ತದೆ. ದಡಕ್ಕೆ ಬಂದು ನೆಮ್ಮದಿಯಿಂದ ನಮಾಝ್ ಮಾಡಬಹುದು. ಸಮುದ್ರದ ನೀರಿನಲ್ಲಿ ವುಝೂ ಮಾಡಲು ಅಡ್ಡಿಯಿಲ್ಲ. ಒಂದು ವಿಷಯ ಮರೆಯಬಾರದು. ಹುಟ್ಟಿದಂದಿನಿಂದ ಪಶ್ಚಿಮಕ್ಕೆ ಮುಖ ಮಾಡಿ ನಿಂತ ನಾವು ಅಲ್ಲಿ ಪೂರ್ವ ಆಗ್ನೇಯಕ್ಕೆ ತಿರುಗಬೇಕು. ಮಕ್ಕಾ ಒಂದೇ, ನಾವು ನಿಂತ ಜಾಗ ಬೇರೆ. ಮಾಲ್ಟಾದ ಪೌಲಾ ಎಂಬ ಊರಿನಲ್ಲಿ ಮರ್ಯಮುಲ್ ಬತೂಲ್ ಎಂಬ ಹೆಸರಿನ ಮಸೀದಿಯಿದೆ.

ಊಟವನ್ನು ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ಅಲ್ಲಿನ ಹೋಟೆಲುಗಳಲ್ಲಿ ಮೀನು ಧಾರಾಳ. ಶರತ್ಕಾಲದಲ್ಲಿ ‘ಲಂಪೂಕಿ’ ಎಂಬ ಮೀನಿನ ಸುಗ್ಗಿ. ತೇಲುವ ತೆಪ್ಪಕ್ಕೆ ತಾಳೆಗರಿ ಕಟ್ಟಿ ಸಮುದ್ರದಲ್ಲಿ ಬಿಡುತ್ತಾರೆ. ಅದರ ನೆರಳಿಗೆ ಸೇರುವ ಮೀನನ್ನು ಬಲೆಯಲ್ಲಿ ಹಿಡಿಯುತ್ತಾರೆ. ಅದನ್ನು ಕರಿಯುವ ಎಣ್ಣೆ, ಬಳಸುವ ಮದ್ಯದ ಬಗ್ಗೆ ಮಾತ್ರ ಕೇಳಿ ತಿಳಿಯಬೇಕು. ಆಕ್ಟೋಪಸ್ ಅಲ್ಲಿ ಸಾಮಾನ್ಯ ತಿನಿಸು. ಹನಫಿಗಳು ಕಡಲ ಜೀವಿಗಳಲ್ಲಿ ಮೀನನ್ನು ಮಾತ್ರ ತಿನ್ನುತ್ತಾರೆ. ಶಾಫಿಈಗಳಲ್ಲಿ ಅವಕಾಶ ವಿಶಾಲವಾಗಿದೆ. ಅವರವರ ಉಲಮಾಗಳನ್ನು ಕೇಳಿ ನಡೆದುಕೊಳ್ಳುವುದು ಒಳ್ಳೆಯದು.

ಮೈಮೂನಾಳ ಕಲ್ಲು

ಮಧ್ಯಾಹ್ನದ ನಂತರ ಸಮಯವಿದ್ದರೆ ಗೋಜೋ ದ್ವೀಪಕ್ಕೆ ದಾಟಬೇಕು. ಅಲ್ಲಿನ ವಿಕ್ಟೋರಿಯಾ ಪಟ್ಟಣದ ಕೋಟೆಯೊಳಗಿನ ವಸ್ತು ಸಂಗ್ರಹಾಲಯದಲ್ಲಿ ಒಂದು ಅಮೃತಶಿಲೆಯ ಸಮಾಧಿಫಲಕ ಇದೆ. ಕೂಫೀ ಲಿಪಿಯಲ್ಲಿ ಕೆತ್ತಿದ್ದು. ಮೈಮೂನಾ ಬಿಂತ್ ಹಸ್ಸಾನ್ ಎಂಬ ಯುವತಿಯ ನೆನಪಿಗೆ ನಿಲ್ಲಿಸಿದ ಕಲ್ಲು. ಆಕೆ ತೀರಿಕೊಂಡದ್ದು ಹಿಜರಿ 569ರ ಶಅಬಾನ್ 16ರಂದು, ಅಂದರೆ ಕ್ರಿ.ಶ. 1174ರ ಮಾರ್ಚ್‌ನಲ್ಲಿ. ಆ ಹೊತ್ತಿಗೆ ಮುಸ್ಲಿಮರ ಆಡಳಿತ ಮುಗಿದು ಎಂಟು ದಶಕಗಳು ಕಳೆದಿದ್ದವು. ಆದರೂ ಅಲ್ಲಿ ಮಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ಸ್ಥಿತಿವಂತ ಮುಸ್ಲಿಮ್ ಮನೆತನಗಳಿದ್ದವು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ. ಇನ್ನೂ ವಿಶೇಷವೆಂದರೆ, ಅದು ಹಿಂದೆ ರೋಮನ್ನರು ಬಳಸಿದ್ದ ಕಲ್ಲು. ಅದರ ಹಿಂಬದಿಯಲ್ಲಿ ಆ ಕಾಲದ ಕೆತ್ತನೆ ಇನ್ನೂ ಇದೆ. ಹದಿಮೂರನೇ ಶತಮಾನ ಮುಗಿಯುವುದರೊಳಗೆ ದ್ವೀಪದ ಮುಸ್ಲಿಮರು ಗಡೀಪಾರಾದರು ಇಲ್ಲವೇ ಮತಾಂತರಗೊಂಡರು. ರಾಜರು, ಸೇನಾಪತಿಗಳ ಗುರುತು ಅಳಿದುಹೋದ ಕಡೆ ಒಬ್ಬ ಹೆಣ್ಣುಮಗಳ ಹೆಸರು ಉಳಿದಿದೆ.

ಅದೇ ಕೋಟೆಯಲ್ಲಿ ಇನ್ನೊಂದು ನೆನಪೂ ಇದೆ. 1551ರಲ್ಲಿ ಉಸ್ಮಾನಿ ನೌಕಾಪಡೆ ಗೋಜೋವನ್ನು ಮುತ್ತಿತು. ಅದರಲ್ಲಿ ತುರ್ಗುತ್ ರೈಸ್ ಇದ್ದ. ದ್ವೀಪದ ಹೆಚ್ಚುಕಡಿಮೆ ಇಡೀ ಜನಸಂಖ್ಯೆಯನ್ನು, ಸುಮಾರು 5,000 ಜನರನ್ನು, ಗುಲಾಮರಾಗಿ ಕೊಂಡೊಯ್ದರು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ವೀರನೆನಿಸಿದ ಈ ನಾವಿಕ ಗೋಜೋದ ತಾಯಂದಿರ ಪಾಲಿಗೆ ಯಾರಾಗಿದ್ದ ಎಂಬುದನ್ನೂ ನಾವು ಕೇಳಿಕೊಳ್ಳಬೇಕು. ಆಚೆ ಬದಿಯೂ ಹಾಗೆಯೇ ಇತ್ತು. ಮಾಲ್ಟಾದ ನೈಟ್‌ಗಳು ಮುಸ್ಲಿಮ್ ಹಡಗುಗಳನ್ನು ಹಿಡಿದು ಜನರನ್ನು ವಲೆಟ್ಟಾದಲ್ಲಿ ಗುಲಾಮರಾಗಿ ಮಾರಿದರು. 1798ರಲ್ಲಿ ನೆಪೋಲಿಯನ್ ಬಂದ ಮೇಲಷ್ಟೇ ಅವರಿಗೆ ಬಿಡುಗಡೆ ಸಿಕ್ಕಿತು. ಕೊಮಿನೋದ ಗೋಪುರ ಕಾಯುತ್ತಿದ್ದುದು ಈ ಭಯವನ್ನೇ. ಅನ್ಯಾಯವನ್ನು ಮಾಡಿದವನ ಹೆಸರು ನೋಡಿ ಅಳೆಯಬಾರದೆಂಬುದೇ ಇದರ ಪಾಠ.

ಅದೇ ನೀರಿನ ಮೇಲೆ ಬೇರೆ ದೋಣಿಗಳು

ಈ ಸಮುದ್ರದ ಬಗ್ಗೆ ಬರೆದು ಇನ್ನೊಂದು ಮಾತು ಹೇಳದಿದ್ದರೆ ಬರಹ ಅರ್ಧವಾಗುತ್ತದೆ. ಜೀವರಕ್ಷಕ ಜಾಕೆಟ್ ತೊಟ್ಟು ಮೀನು ನೋಡಲು ನಾವಿಳಿಯುವ ಇದೇ ನೀರನ್ನು ಜಾಕೆಟ್ ಇಲ್ಲದೆ, ತೂತುಬಿದ್ದ ರಬ್ಬರ್ ದೋಣಿಗಳಲ್ಲಿ ದಾಟಲು ಹೊರಡುವವರಿದ್ದಾರೆ. ಸಿರಿಯಾ, ಸುಡಾನ್, ಸೊಮಾಲಿಯಾ, ಎರಿಟ್ರಿಯಾಗಳಿಂದ ಯುದ್ಧ ಮತ್ತು ಹಸಿವಿಗೆ ಬೆದರಿ ಓಡಿಬಂದವರು. 2014ರಿಂದೀಚೆಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಸತ್ತ ಅಥವಾ ಕಾಣೆಯಾದ ವಲಸಿಗರ ಸಂಖ್ಯೆ 30,000 ದಾಟಿದೆ ಎಂದು ವಿಶ್ವಸಂಸ್ಥೆಯ ವಲಸೆ ಸಂಸ್ಥೆ ದಾಖಲಿಸಿದೆ. 2013ರ ಅಕ್ಟೋಬರ್ 11ರಂದು ಮಾಲ್ಟಾ ಮತ್ತು ಲಂಪೆದೂಸಾ ದ್ವೀಪಗಳ ನಡುವೆ ಸಿರಿಯಾದ ಕುಟುಂಬಗಳಿದ್ದ ದೋಣಿ ಮಗುಚಿ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಲವರು ಮಕ್ಕಳು.

2015ರ ಏಪ್ರಿಲ್‌ನಲ್ಲಿ ಲಿಬಿಯಾದ ಉತ್ತರಕ್ಕೆ ಮುಳುಗಿದ ಇನ್ನೊಂದು ದೋಣಿಯ 24 ಶವಗಳನ್ನು ಮಾಲ್ಟಾಕ್ಕೆ ತಂದರು. ಹೆಸರಿಲ್ಲ, ಊರಿಲ್ಲ, ಧರ್ಮ ಯಾವುದೆಂದೂ ಗೊತ್ತಿಲ್ಲ. ಕ್ಯಾಥೊಲಿಕ್ ಬಿಷಪರೂ ಮುಸ್ಲಿಮ್ ಇಮಾಮರೂ ಒಟ್ಟಾಗಿ ನಿಂತು ಪ್ರಾರ್ಥಿಸಿ ಅವರನ್ನು ಬೀಳ್ಕೊಟ್ಟರು. ಅರಬಿಯಿಂದ ಹುಟ್ಟಿದ ಭಾಷೆಯನ್ನಾಡುವ ಕ್ರೈಸ್ತರ ದ್ವೀಪದಲ್ಲಿ ಆ ದಿನ ಎರಡೂ ಪ್ರಾರ್ಥನೆಗಳಲ್ಲಿ ದೇವರಿಗೆ ಒಂದೇ ಹೆಸರಿತ್ತು.

ಹಾಗಾದರೆ ಸಂತೋಷದ ಪ್ರವಾಸ ತಪ್ಪೇ? ಖಂಡಿತ ಅಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ನೋಡುವುದೆಂದರೆ ಚೆಲುವನ್ನು ಮಾತ್ರ ನೋಡುವುದಲ್ಲ. ನೀಲಿ ನೀರನ್ನೂ ಅದರ ತಳದ ಹುಲ್ಲನ್ನೂ, ಮೈಮೂನಾಳ ಕಲ್ಲನ್ನೂ ಹೆಸರಿಲ್ಲದ ಗೋರಿಗಳನ್ನೂ ನೋಡಬೇಕು. ಮಾಲ್ಟಾಕ್ಕೆ ಹೋಗಲು ನಮ್ಮಲ್ಲಿ ಬಹುಮಂದಿಗೆ ಸಾಧ್ಯವಾಗದು. ಭಾರತೀಯರಿಗೆ ಷೆಂಗನ್ ವೀಸಾ ಬೇಕು, ಖರ್ಚೂ ಸಣ್ಣದಲ್ಲ. ಆದರೆ ಸಮುದ್ರ, ನದಿ, ಕೆರೆ ನಮ್ಮ ಊರಿನಲ್ಲೂ ಇವೆ. ಮುಂದಿನ ರಜೆಯಲ್ಲಿ ಮನೆಮಂದಿಯೆಲ್ಲ ನೀರಿನ ಬಳಿಗೆ ಹೋದಾಗ ಚಪ್ಪಲಿ ಮತ್ತು ಚೀಲಗಳನ್ನು ಸ್ವಲ್ಪ ಹೊತ್ತು ಮಗನೋ ಗಂಡನೋ ಕಾಯಲಿ. ಹೆಣ್ಣುಮಕ್ಕಳಿಗೆ ಸಣ್ಣವರಿರುವಾಗಲೇ ಈಜು ಕಲಿಸಿ. ಅದು ಆಟವೂ ಹೌದು, ಒಂದು ದಿನ ಜೀವ ಉಳಿಸುವ ವಿದ್ಯೆಯೂ ಹೌದು.